ಚೆದುರಿದ ಫೋಟೋಗೆ ಬಂದ ಓಂ ಶಾಂತಿ

ಹೋದ ವರ್ಷ ದೀಪಾವಳಿ ಕಳೆದು ಚಳಿ ಚೆನ್ನಾಗಿ ಬಿದ್ದಿದ್ದ ಕಾಲ. ಧನುರ್ಮಾಸ ಬರುವ ಮುಂಚೆ ಮುಗಿಸಿಬಿಡಬೇಕು ಅಂತ ಎಲ್ಲ ಕಡೆ ಮದುವೆಗಳು ನಡೆಯುತ್ತಿದ್ದವು. ನನಗೆ ಊಟಕ್ಕೂ ಪುರಸೊತ್ತಿರಲಿಲ್ಲ. ಯಾಕೆಂದರೆ ನಾನು ತರೀಕೆರೆಯಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಜೊತೆಗೆ ನಯಾಜ್ ಇದ್ದಾನೆ. ಹೈಸ್ಕೂಲಿನಲ್ಲಿ ನನ್ನ ಜೊತೆಗೇ ಓದಿದವನು. ವಿಡಿಯೋ ತೆಗೆಯುವುದು, ಆಲ್ಬಮ್ ಮಾಡುವುದು, ವ್ಯಾನ್ ಓಡಿಸುವುದು ಅವನ ಪಾಲು. ಗಿರಾಕಿಗಳನ್ನು ನಗಿಸುವುದು, ವಧುವಿನ ಸೆರಗು ಸರಿ ಮಾಡುವುದು, ಫೋಟೋ ತೆಗೆಯುವುದು ನನ್ನ ಪಾಲು.

ಇದು ಹೊಟ್ಟೆಪಾಡಿನ ಕೆಲಸ. ಇದರ ಜೊತೆಗೆ ನನಗೆ ಒಂದು ಹುಚ್ಚಿದೆ. ಒಂದು ಸಲ ನಾಮಕರಣದ ಫೋಟೋಗಳಿದ್ದ ಮೆಮೊರಿ ಕಾರ್ಡು ಕೆಟ್ಟುಹೋಯಿತು. ಇನ್ನೊಂದು ಕ್ಯಾಮೆರಾದಲ್ಲೂ ತೆಗೆದಿದ್ದರಿಂದ ಬಚಾವಾದೆವು. ಆದರೆ ಕೆಟ್ಟ ಕಾರ್ಡಿನ ಚಿತ್ರಗಳನ್ನು ತೆರೆದು ನೋಡಿದಾಗ ನನಗೆ ಕಣ್ಣು ಕೀಳಲಾಗಲಿಲ್ಲ. ಮಗುವಿನ ಕೆನ್ನೆ ಗುಲಾಬಿ ಪಟ್ಟಿಯಾಗಿ ತೊಟ್ಟಿಲಿನಿಂದ ಗೋಡೆಯವರೆಗೆ ಹರಿದಿತ್ತು. ಅಜ್ಜನ ಪೇಟ ಚೂರುಚೂರಾಗಿ ಬೇರೆ ಬೇರೆ ಬಣ್ಣದಲ್ಲಿ ತೇಲುತ್ತಿತ್ತು. ಹೀಗೆ ಕೆಟ್ಟ ಚಿತ್ರಗಳನ್ನೇ ಕಲೆ ಅಂತ ಮಾಡುವವರು ಇದ್ದಾರೆ, ಅದಕ್ಕೆ ಗ್ಲಿಚ್ ಆರ್ಟ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಮಾಡುವುದೂ ಕಷ್ಟವಲ್ಲ. ಫೋಟೋದ ಫೈಲನ್ನು ಅಕ್ಷರ ಟೈಪ್ ಮಾಡುವ ಸಾಫ್ಟ್‌ವೇರಿನಲ್ಲಿ ತೆರೆದರೆ ತಲೆಬುಡವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಅದರಲ್ಲಿ ಒಂದಿಷ್ಟು ಅಳಿಸಿ, ಒಂದಿಷ್ಟು ಎತ್ತಿ ಇನ್ನೆಲ್ಲೋ ಅಂಟಿಸಿ, ಮತ್ತೆ ಫೋಟೋವಾಗಿ ತೆರೆದರೆ ಮುಖ ಎಲ್ಲೋ, ಮೂಗು ಎಲ್ಲೋ. ಹತ್ತು ಸಲ ಮಾಡಿದರೆ ಒಂದು ಸಲ ಏನೋ ಒಂದು ಚಂದ ಹುಟ್ಟುತ್ತದೆ.

“ಜನ ಮುಖ ಚೆನ್ನಾಗಿ ಕಾಣ್ಲಿ ಅಂತ ದುಡ್ಡು ಕೊಟ್ಟು ಬತ್ತಾರೆ. ನೀನು ಇರೋದನ್ನೂ ಕೆಡಿಸ್ತೀಯಲ್ಲೇ” ಅಂತ ನಯಾಜ್ ನಗುತ್ತಿದ್ದ.

ನನಗೆ ಈ ಚಿತ್ರಗಳಲ್ಲಿ ಹೇಳಬೇಕು ಅನ್ನಿಸಿದ್ದು ಒಂದೇ ವಿಷಯ. ಈಗ ನಾವು ಅರ್ಧ ಫೋನಿನೊಳಗೆ, ಅರ್ಧ ಹೊರಗೆ ಬದುಕುತ್ತಿದ್ದೇವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೋ ನಮಗೇ ತಿಳಿಯುವುದಿಲ್ಲ. ಹಾಗಾಗಿ ಫೋನ್ ನೋಡುತ್ತಾ ಕೂತವರ ಫೋಟೋ ತೆಗೆದು, ಅದನ್ನು ಚೆದುರಿಸುತ್ತಿದ್ದೆ. ಕಡೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಗೆಳತಿ ಇವುಗಳನ್ನು ನೋಡಿ, ಅವರ ಕಾಲೇಜಿನ ಹಾಲಿನಲ್ಲಿ ಒಂದು ಪ್ರದರ್ಶನ ಇಡು ಅಂದಳು. ಒಪ್ಪಿಕೊಂಡೆ.

ಆ ಚಿತ್ರಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ನನ್ನ ಅಜ್ಜಿಯದು. ಅಜ್ಜಿ, ಅಂದರೆ ಅಮ್ಮನ ಅಮ್ಮ ಗಂಗಮ್ಮ, ಶಿವನಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿದ್ದಾರೆ. ಅವರ ಅಕ್ಕ ರುದ್ರಮ್ಮ, ನಮಗೆಲ್ಲ ದೊಡ್ಡಜ್ಜಿ, ಪಂಚನಹಳ್ಳಿಗೆ ಕೊಟ್ಟ ಹೆಣ್ಣು. ದಿನಾ ಸಂಜೆ ಇಬ್ಬರೂ ವಿಡಿಯೋ ಕಾಲ್ ಮಾಡಿಕೊಂಡು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡುತ್ತಾರೆ. ಏನಡಿಗೆ, ಯಾರು ಬಂದಿದ್ದರು, ಯಾವ ಸೊಸೆ ಏನಂದಳು, ಎಲ್ಲವೂ ಆಗಬೇಕು. ದಿನಾ ಮುಖ ನೋಡುತ್ತೇವಲ್ಲ ಅಂತಲೋ, ಮಂಡಿನೋವು ಅಂತಲೋ, ಒಬ್ಬರ ಮನೆಗೆ ಒಬ್ಬರು ಹೋಗಿ ವರ್ಷಗಳೇ ಆಗಿದ್ದವು.

ಒಂದು ಸಂಜೆ ಹೀಗೆ ಮಾತಾಡುವಾಗ ದೊಡ್ಡಜ್ಜಿ ಏನೋ ತಮಾಷೆ ಹೇಳಿದರು. ಅಜ್ಜಿ ಹಲ್ಲುಸೆಟ್ಟು ಹಾಕಿಕೊಂಡಿರಲಿಲ್ಲ, ಬಾಯಿಗೆ ಸೆರಗು ಮುಚ್ಚಿಕೊಂಡು ತಲೆ ಬಗ್ಗಿಸಿ ನಕ್ಕರು. ಅದೇ ಕ್ಷಣ ಫೋಟೋ ತೆಗೆದೆ. ಆಮೇಲೆ ಅದನ್ನು ಚೆದುರಿಸಿದಾಗ, ಫೋನಿನಲ್ಲಿದ್ದ ದೊಡ್ಡಜ್ಜಿಯ ಮುಖ ಬಣ್ಣದ ಎಳೆಗಳಾಗಿ ಪರದೆಯಿಂದ ಹೊರಗೆ ಹರಿದು, ಅಜ್ಜಿಯ ತಲೆಯ ಮೇಲೆ ಬೆಳಕಿನ ಹಾಗೆ ಏರಿ, ಮಾಡಿನ ಕತ್ತಲಿನಲ್ಲಿ ಕರಗಿತ್ತು. ನನಗೆ ಅದು ಇಬ್ಬರು ಅಕ್ಕತಂಗಿಯರ ಖುಷಿಯ ಚಿತ್ರವಾಗಿ ಕಂಡಿತು. ಬೇರೆಯವರಿಗೆ ಹೇಗೆ ಕಾಣಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಪ್ರದರ್ಶನಕ್ಕೆ ಒಂದು ವಾರವಿದ್ದಾಗ, ಒಂದು ಬೆಳಿಗ್ಗೆ ನಾನು, ನಯಾಜ್ ಕೆಮ್ಮಣ್ಣುಗುಂಡಿಗೆ ಹೊರಟೆವು. ಮದುವೆ ಗೊತ್ತಾಗಿದ್ದ ಒಂದು ಜೋಡಿಯ ಫೋಟೋ ತೆಗೆಯುವುದಿತ್ತು. ಅವರು ತಮ್ಮ ಕಾರಿನಲ್ಲಿ ಮುಂದೆ, ನಾವು ವ್ಯಾನಿನಲ್ಲಿ ಹಿಂದೆ. ಲಿಂಗದಹಳ್ಳಿ ದಾಟುವಾಗ ಪ್ರದರ್ಶನದ ವಿಷಯ ಮನೆಯವರಿಗೆ ತಿಳಿಸೋಣ ಅಂತ, ನಮ್ಮ ನೆಂಟರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಅಜ್ಜಿಯರ ಆ ಚಿತ್ರ ಕಳಿಸಿದೆ. ಹಿಂದೆಯೇ, “ಇದು ನಾನು ಮಾಡಿದ ಚಿತ್ರ, ಬರೋ ವಾರ ಕಡೂರಲ್ಲಿ ಪ್ರದರ್ಶನ, ಎಲ್ಲರೂ ಬನ್ನಿ” ಅಂತ ಬರೆದು ಒತ್ತಿದೆ. ಅಷ್ಟರಲ್ಲಿ ಘಾಟಿಯ ತಿರುವು ಬಂತು, ಸಿಗ್ನಲ್ ಹೋಯಿತು. ಚಿತ್ರ ಹೋಗಿತ್ತು. ಮಾತು ಹೋಗಿರಲಿಲ್ಲ. ನಾನು ನೋಡಿಕೊಳ್ಳದೆ ಫೋನನ್ನು ಬ್ಯಾಗಿಗೆ ಹಾಕಿದೆ.

ಮೇಲೆ ಮಂಜು ಬಂದು ಹೋಗುತ್ತಿತ್ತು. ಹುಡುಗ ಹುಡುಗಿ ಇಬ್ಬರೂ ಒಳ್ಳೆಯವರು. ಒಂದೊಂದು ಫೋಟೋ ತೆಗೆದ ಕೂಡಲೇ ಓಡಿ ಬಂದು ಕ್ಯಾಮೆರಾದಲ್ಲಿ ನೋಡುತ್ತಿದ್ದರು. “ಬೆಟ್ಟ ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ ಅಕ್ಕ” ಅಂತ ಆ ಹುಡುಗಿ ಬೆಟ್ಟಕ್ಕೆ ಬೆನ್ನು ಹಾಕಿ ನಿಂತು ಹೇಳಿದಾಗ ನಯಾಜ್ ನನ್ನ ಕಡೆ ನೋಡಿ ಕಣ್ಣು ಹೊಡೆದ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ನಗುತ್ತಾ ಇಳಿದು ಬಂದೆವು.

ಲಿಂಗದಹಳ್ಳಿ ಹತ್ತಿರ ಬರುತ್ತಿದ್ದ ಹಾಗೆ ನನ್ನ ಬ್ಯಾಗು ಗುಂಯ್‌ಗುಟ್ಟಲು ಶುರುವಾಯಿತು. ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ತೆಗೆದು ನೋಡಿದರೆ ನನ್ನ ಚಿತ್ರದ ಕೆಳಗೆ ಕಡೂರಿನ ಓಂಕಾರ ಮಾವನ ಸಂದೇಶ: “ಓಂ ಶಾಂತಿ.” ಈ ಓಂಕಾರ ಮಾವ ಅಜ್ಜಿಯರ ತಮ್ಮನ ಮಗ, ಕೊಬ್ಬರಿ ವ್ಯಾಪಾರ ಮಾಡುತ್ತಾರೆ, ನೆಂಟರಲ್ಲಿ ಏನಾದರೂ ಆದರೆ ಮೊದಲು ಓಡುವವರು. ಅವರ ಕೆಳಗೆ ಇನ್ನೊಬ್ಬರು “ಓಂ ಶಾಂತಿ.” ಮತ್ತೊಬ್ಬರು “ತುಂಬಲಾರದ ನಷ್ಟ.” ಆಮೇಲೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು, ಉರಿಯುವ ದೀಪಗಳು. ಯಾರೋ “ಮಣ್ಣು ಎಷ್ಟೊತ್ತಿಗೆ?” ಅಂತ ಕೇಳಿದ್ದರು. ಯಾರೋ “ಸಂಜೆ ನಾಲ್ಕಕ್ಕೆ ಇರಬಹುದು” ಅಂದಿದ್ದರು. ಅದರ ಕೆಳಗಿನವರು “ನಾಲ್ಕಕ್ಕಂತೆ” ಅಂದಿದ್ದರು. ಅದರ ಕೆಳಗೆ “ನಾಲ್ಕು ಗಂಟೆಗೆ ಸರಿಯಾಗಿ, ಅವರ ಹೊಲದಲ್ಲಿ” ಅಂತ ಬಂದಿತ್ತು. ಕೊನೆಗೆ ದೂರದ ಸಂಬಂಧದ ಒಬ್ಬ ತಮ್ಮ ನನ್ನ ಚಿತ್ರಕ್ಕೇ ಸುತ್ತ ಹೂವಿನ ಚೌಕಟ್ಟು ಹಾಕಿ, ‘ಶ್ರೀಮತಿ ರುದ್ರಮ್ಮನವರು ಶಿವೈಕ್ಯರಾದರು’ ಅಂತ ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದ. ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದ ನನ್ನ ಅಜ್ಜಿ ಅದರಲ್ಲಿ ಬಿಕ್ಕಿಬಿಕ್ಕಿ ಅಳುತ್ತಿರುವ ಹಾಗೆ, ದೊಡ್ಡಜ್ಜಿ ಬೆಳಕಾಗಿ ಮೇಲೆ ಹೋಗುತ್ತಿರುವ ಹಾಗೆ ಕಾಣುತ್ತಿದ್ದರು.

ನಯಾಜ್‌ಗೆ ತೋರಿಸಿದೆ. ಅವನು ವ್ಯಾನ್ ಪಕ್ಕಕ್ಕೆ ಹಾಕಿ, ಮೊದಲು ಗಾಬರಿಯಾಗಿ, ಆಮೇಲೆ ಅರ್ಥವಾಗಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಗಲು ಶುರುಮಾಡಿದ. ನನಗೂ ನಗು ಬಂತು. ಬೆಳಿಗ್ಗೆ ನಿಂತಿದ್ದ ನನ್ನ ಮಾತು ಈಗ ಹೋಗಿತ್ತು, ಆದರೆ ಆ ಸಾಲುಗಳ ನಡುವೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಕ್ಷಣ ಗುಂಪಿನಲ್ಲಿ “ದೊಡ್ಡಜ್ಜಿ ಬದುಕಿದ್ದಾರೆ” ಅಂತ ಬರೆದೆ. ಅರೆಗಳಿಗೆಯಲ್ಲಿ ಒಬ್ಬ ಅತ್ತೆಯ ಉತ್ತರ ಬಂತು: “ಹೌದಮ್ಮ, ನಮ್ಮೆಲ್ಲರ ಮನಸ್ಸಿನಲ್ಲಿ ಯಾವಾಗಲೂ ಬದುಕಿರುತ್ತಾರೆ.”

ಇನ್ನು ಬರೆದು ಪ್ರಯೋಜನವಿಲ್ಲ ಅಂತ ಪಂಚನಹಳ್ಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅಲ್ಲಿ ದೊಡ್ಡಜ್ಜಿಯ ಮಗ ಪರಮೇಶ್ ಮಾವನದೂ ಸ್ವಿಚ್ ಆಫ್. ಓಂಕಾರ ಮಾವ ಎತ್ತಲಿಲ್ಲ. ಅಷ್ಟರಲ್ಲಿ ಶಿವನಿಯಿಂದ ಸುಜಾತತ್ತೆಯೇ ಫೋನ್ ಮಾಡಿದರು. ಅಜ್ಜಿಯ ಸೊಸೆ ಇವರು. ಅಳುತ್ತಿದ್ದರು.

“ವೀಣಾ, ಎಲ್ಲಿದೀಯೇ? ಎಷ್ಟೊತ್ತಿಂದ ಮಾಡ್ತಿದೀನಿ! ಮೆಸೇಜ್ ನೋಡಿದ ಗಾಬರೀಲಿ ಅತ್ತೆ ಮುಂದೆ ಓದ್ಬಿಟ್ಟೆ ಕಣೇ. ಅವರು ಗೋಡೆ ನೋಡ್ತಾ ಕೂತ್ಬಿಟ್ರು. ನಾನು ಹೊಲಕ್ಕೆ ಓಡಿ ಇವರನ್ನ ಕರ್ಕಂಡ್ ಬರೋಷ್ಟರಲ್ಲಿ ಮನೇಲಿ ಇಲ್ಲ!”

“ಇಲ್ಲ ಅಂದ್ರೆ?”

“ರೈಲು ಹತ್ತಿದ್ರಂತೆ. ಸ್ಟೇಷನ್ ಹತ್ರ ಪಕ್ಕದ ಮನೆಯವ್ರು ನೋಡಿದಾರೆ. ಒಬ್ರೇ ಹೋಗಿದಾರೆ. ಫೋನು ಇಲ್ಲೇ ಮಂಚದ ಮೇಲೈತೆ.”

ನನ್ನ ನಗು ಅಲ್ಲೇ ನಿಂತಿತು. ಅಜ್ಜಿಗೆ ಬಿ.ಪಿ. ಇದೆ. ಅಂಗಳ ದಾಟಬೇಕಾದರೂ ಗೋಡೆ ಹಿಡಿಯುವವರು. ಅಕ್ಕ ಸತ್ತಳು ಅಂದುಕೊಂಡು, ಒಬ್ಬರೇ, ರೈಲಿನಲ್ಲಿ. ಬೀರೂರಿನಲ್ಲಿ ಇಳಿದರೋ, ಕಡೂರಿಗೇ ಹೋದರೋ, ಯಾರಿಗೆ ಗೊತ್ತು. ಮಾವ ಬೈಕ್ ಹತ್ತಿ ಅಜ್ಜಂಪುರದ ಕಡೆಯಿಂದ ಹೊರಟಿದ್ದಾರೆ ಅಂತ ಅತ್ತೆ ಹೇಳಿದರು. ದೊಡ್ಡಜ್ಜಿಗೆ ಏನೂ ಆಗಿಲ್ಲ, ಅದು ನನ್ನ ಚಿತ್ರ ಅಂತ ಅವರಿಗೆ ಹೇಳಿದೆ. “ಹಂಗಾದ್ರೆ ಅವರ ಫೋನ್ ಯಾಕೆ ಎತ್ತಲ್ಲ?” ಅಂದರು. ಪಂಚನಹಳ್ಳಿಗೆ ಮತ್ತೊಮ್ಮೆ ಫೋನ್ ಮಾಡಿ ನೋಡಿದೆ. ಅಷ್ಟು ಜನ ಒಟ್ಟಿಗೆ ಹೇಳುತ್ತಿದ್ದಾರೆ, ಅತ್ತ ಫೋನೂ ಆಫ್ ಆಗಿದೆ. ಅಕಸ್ಮಾತ್ ನಿಜವೇ ಆಗಿದ್ದರೆ?

ನಯಾಜ್ ಕಡೂರಿನ ಕಡೆಗೆ ಜೋರಾಗಿ ವ್ಯಾನ್ ಓಡಿಸಿದ. ತರೀಕೆರೆ ಒಳಗಿಂದ ಹಾದುಹೋದಾಗ ನನಗೆ ಸ್ಟುಡಿಯೋ ಕೂಡ ಕಣ್ಣಿಗೆ ಬೀಳಲಿಲ್ಲ. ಕಡೂರು ಬಸ್‌ಸ್ಟ್ಯಾಂಡ್ ಹಿಂದೆ ಅವನ ಚಿಕ್ಕಮ್ಮ, ರಜಿಯಾ ಖಾಲಾ ಇದ್ದಾರೆ. ಹೊಲಿಗೆ ಕೆಲಸ ಮಾಡುತ್ತಾರೆ. ಅವರಿಗೆ ಫೋನ್ ಮಾಡಿ, “ಖಾಲಾ, ಜಲ್ದಿ ಬಸ್‌ಸ್ಟ್ಯಾಂಡ್ ಕು ಜಾವ್” ಅಂತ ತಮ್ಮ ಭಾಷೆಯಲ್ಲಿ ಎಲ್ಲ ವಿವರಿಸಿದ. ಪಂಚನಹಳ್ಳಿಗೆ ಹೋಗುವವರು ಅಲ್ಲಿಗೇ ಬರಬೇಕು ಅನ್ನುವುದು ಅವನ ಲೆಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಖಾಲಾಗೆ ಗುರುತು ಸಿಗ್ಬೇಕಲ್ಲ, ಅಜ್ಜಿದು ಒಂದು ಫೋಟೋ ಕಳ್ಸು” ಅಂದ.

ಫೋನಿನಲ್ಲಿ ಹುಡುಕಿದೆ. ಅಜ್ಜಿಯ ಫೋಟೋಗಳಿಗೇನೂ ಬರ ಇರಲಿಲ್ಲ. ಆದರೆ ಒಂದರಲ್ಲಿ ಮೂಗು ಹಣೆಯ ಮೇಲಿತ್ತು. ಒಂದರಲ್ಲಿ ಮುಖವೆಲ್ಲ ನೀಲಿ ಗೆರೆ. ಇನ್ನೊಂದರಲ್ಲಿ ಅರ್ಧ ಅಜ್ಜಿ, ಅರ್ಧ ಬಾಗಿಲು. ನೆಟ್ಟಗಿನವೆಲ್ಲ ಆಗಲೇ ದಾಟಿ ಬಂದ ಸ್ಟುಡಿಯೋದ ಕಂಪ್ಯೂಟರಿನಲ್ಲೇ ಇದ್ದವು. ಫೋಟೋಗ್ರಾಫರ್ ಅನ್ನಿಸಿಕೊಂಡ ನನ್ನ ಹತ್ತಿರ, ಕಳೆದುಹೋದ ಅಜ್ಜಿಯನ್ನು ಹುಡುಕಲು ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಅಳು ಬಂದುಬಿಟ್ಟಿತು.

“ಅಳ್ಬೇಡ ಕಣೇ. ಬಾಯಲ್ಲಿ ಹೇಳು, ಹೆಂಗಿದಾರೆ?” ಅಂದ ನಯಾಜ್, ಫೋನನ್ನು ನನ್ನ ಕಡೆ ಹಿಡಿದು.

“ಕುಳ್ಳಗಿದಾರೆ ಖಾಲಾ. ಹಣೇಲಿ ವಿಭೂತಿ ಇರುತ್ತೆ. ಮಾತು ಸ್ವಲ್ಪ ಜೋರು. ಯಾರನ್ನ ಕಂಡ್ರೂ ನಿಮ್ದು ಯಾವೂರು ಅಂತ ಕೇಳ್ತಾರೆ” ಅಂದೆ.

ಬೀರೂರು ದಾಟಿದ್ದೆವು. ಖಾಲಾ ಫೋನ್ ಬಂತು. “ಸಿಕ್ಕಿದ್ರಮ್ಮಾ! ಕಲ್ಲುಬೆಂಚಿನ ಮೇಲೆ ಕೂತವ್ರೆ. ನಾನು ಹತ್ರ ಹೋದ ತಕ್ಷಣ ನನ್ನೇ ಕೇಳಿದ್ರು, ನಿಮ್ದು ಯಾವೂರವ್ವಾ ಅಂತ. ಬಸ್ಸು ಈಗ ತಾನೆ ತಪ್ಪೋಯ್ತಂತೆ. ಕೈ ಹಿಡ್ಕಂಡು ಕೂತಿದೀನಿ, ಬಿಡಲ್ಲ, ನಿಧಾನ ಬನ್ನಿ.”

ನಾನು ಕಿಟಕಿಗೆ ತಲೆ ಒರಗಿಸಿ ಜೋರಾಗಿ ಉಸಿರುಬಿಟ್ಟೆ. ಶಿವನಿಯ ಅತ್ತೆಗೆ, ದಾರಿಯಲ್ಲಿದ್ದ ಮಾವನಿಗೆ ತಿಳಿಸಿದೆ.

ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿ ನೆಟ್ಟಗೆ ಕೂತಿದ್ದರು. ಮಡಿಲಲ್ಲಿ ಒಂದು ಬಟ್ಟೆಯ ಚೀಲ, ಪಕ್ಕದಲ್ಲಿ ಖಾಲಾ ತರಿಸಿದ್ದ ಟೀ ಹಾಗೇ ಆರಿಹೋಗಿತ್ತು. “ಅಕ್ಕನ ಮುಖ ನೋಡೋಗಂಟ ಗಂಟ್ಲಲ್ಲಿ ಏನೂ ಇಳಿಯಲ್ಲ ಅಂತಾರೆ” ಅಂದರು ಖಾಲಾ. ನಾನು ಓಡಿಹೋಗಿ ಅಜ್ಜಿಯ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

“ಅಜ್ಜಿ, ದೊಡ್ಡಜ್ಜಿಗೆ ಏನೂ ಆಗಿಲ್ಲ. ಅದು ಬರೀ ಫೋಟೋ. ನಾನೇ ಮಾಡಿದ್ದು. ಎಲ್ಲರೂ ತಪ್ಪು ತಿಳ್ಕಂಡಿದಾರೆ.”

ಅಜ್ಜಿ ನನ್ನನ್ನೇ ನೋಡಿದರು. ಕಣ್ಣು ಒಣಗಿಹೋಗಿತ್ತು.

“ಸುಜಾತ ಫೋನ್ ನೋಡಿ ಹೋಗ್ಬಿಟ್ಲು ಅಂದ್ಲು. ಈಗ ನೀನು ಇಲ್ಲ ಅಂತೀಯ. ನೀನು ಹೋಗಿ ನೋಡ್ಕಂಡ್ ಬಂದ್ಯಾ?”

“ಇಲ್ಲ ಅಜ್ಜಿ, ಆದ್ರೆ...”

“ಮತ್ತೆ? ನಿಂಗೂ ಫೋನೇ ತಾನೆ ಹೇಳಿದ್ದು? ಫೋನಲ್ಲೇ ಸಾಯಿಸ್ತೀರ, ಫೋನಲ್ಲೇ ಬದುಕಿಸ್ತೀರ. ನಡಿ, ನಾನು ನನ್ ಕಣ್ಣಲ್ಲಿ ನೋಡ್ಬೇಕು.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕೈಹಿಡಿದು ವ್ಯಾನ್ ಹತ್ತಿಸಿದೆ. ಖಾಲಾ ತಾವೂ ಬರುತ್ತೇನೆ ಅಂತ ಅಜ್ಜಿಯ ಪಕ್ಕ ಹತ್ತಿ ಕೂತರು. “ಕೈ ಬಿಟ್ರೆ ನಡುಗ್ತಾರೆ” ಅಂತ ನನ್ನ ಕಿವಿಯಲ್ಲಿ ಹೇಳಿದರು.

ಕಡೂರು ಬಿಟ್ಟ ಮೇಲೆ ರಸ್ತೆಯ ಎರಡೂ ಕಡೆ ರಾಗಿ ಕೊಯ್ದ ಹೊಲಗಳು, ನಡುನಡುವೆ ತೆಂಗಿನ ತೋಟ. ಅಜ್ಜಿ ಅವುಗಳನ್ನೇ ನೋಡುತ್ತಾ ಯಾರಿಗೂ ಅಲ್ಲದ ಹಾಗೆ ಹೇಳಿದರು: “ನಿನ್ನೆ ಸಂಜೇನೂ ಕರೆದ್ಲು. ಅವರೆಕಾಯಿ ಬಿಟ್ಟೈತೆ, ಸೊಗಡು ಘಮ್ ಅಂತೈತೆ, ಬಂದು ಹೋಗೇ ಅಂದ್ಲು. ನೋಡಣ ಬಿಡು ಅಂದೆ. ದಿನಾ ಕರೀತಾಳೆ, ದಿನಾ ನೋಡಣ ಅಂತೀನಿ.” ಖಾಲಾ ಅವರ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಪಂಚನಹಳ್ಳಿ ಬಂತು. ದೊಡ್ಡಜ್ಜಿಯ ಮನೆ ಬೀದಿಗೆ ತಿರುಗಿದೆವು. ಮನೆ ಮುಂದೆ ಒಂದು ಟೆಂಪೋ, ಸುಮಾರು ಬೈಕುಗಳು. ಟವೆಲ್ ಹೆಗಲಿಗೆ ಹಾಕಿಕೊಂಡ ಗಂಡಸರು ಸಾಲಾಗಿ ಕೂತಿದ್ದರು. ಹೆಂಗಸರು ಜಗಲಿ ತುಂಬಾ. ಬಾಗಿಲ ಬಳಿ ದಪ್ಪ ದಪ್ಪ ಹೂವಿನ ಹಾರಗಳು. ನಯಾಜ್ ವ್ಯಾನ್ ನಿಲ್ಲಿಸಿದವನು ಇಂಜಿನ್ ಆಫ್ ಮಾಡುವುದನ್ನೂ ಮರೆತ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು.

ಆಗ ಆ ಜನರ ನಡುವಿನಿಂದ ಒಂದು ದನಿ ಬಂತು.

“ಲೇ ಓಂಕಾರ, ಬಂದೋನು ಸುಮ್ನೆ ಕೂರ್ಬೇಡ, ಈ ಮೊರ ತಗೊಂಡು ಕಾಯಿ ಬಿಡಿಸು. ಇಷ್ಟು ಜನಕ್ಕೆ ಸಾರು ಮಾಡ್ಬೇಕು. ನನ್ನ ಮಣ್ಣು ಮಾಡಕ್ಕೆ ಬಂದು ಉಪವಾಸ ಹೋಗ್ತೀರೇನ್ರೋ?”

ಅಜ್ಜಿ ಸೆರಗು ತೆಗೆದರು. ಖಾಲಾ “ಯಾ ಅಲ್ಲಾ” ಅಂತ ನಕ್ಕುಬಿಟ್ಟರು. ನಾನು ನಗುತ್ತಾ ಅಳುತ್ತಾ ಬಾಗಿಲು ತೆಗೆದೆ.

ಆಗಿದ್ದು ಇಷ್ಟು. ಅವರ ಕಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಹಿಂದಿನ ರಾತ್ರಿಯಿಂದ ಕರೆಂಟಿರಲಿಲ್ಲ. ಮನೆಯ ಎಲ್ಲ ಫೋನೂ ಸತ್ತು ಬಿದ್ದಿದ್ದವು. ದೊಡ್ಡಜ್ಜಿ ಹೊಲದಿಂದ ಅವರೆಕಾಯಿಯ ಗಂಟು ಹೊತ್ತು ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಟೆಂಪೋ ಬಂದು ನಿಂತಿದೆ. ಓಂಕಾರ ಮಾವ ಹಾರ ಹಿಡಿದು ಇಳಿದವರು ಎದುರಿಗೆ ಇವರನ್ನು ಕಂಡು ಕಲ್ಲಾಗಿದ್ದಾರೆ. ಹಾರ, ಅತ್ತು ಕೆಂಪಾದ ಕಣ್ಣು, ಇಷ್ಟೊಂದು ಜನ ನೋಡಿ ದೊಡ್ಡಜ್ಜಿ ಗಂಟು ಇಳಿಸಿ, “ಯಾರೋ ಹೋದೋರು ಪಾಪ?” ಅಂತ ಕೇಳಿದ್ದಾರೆ.

“ನೀನೇ ಅತ್ತೆ” ಅಂದರಂತೆ ಓಂಕಾರ ಮಾವ.

ಅದನ್ನು ದೊಡ್ಡಜ್ಜಿ ಬಂದವರಿಗೆಲ್ಲ ಅಭಿನಯ ಮಾಡಿ ತೋರಿಸುತ್ತಿದ್ದರು. ಹಾರಗಳಲ್ಲಿ ಒಂದನ್ನು ಕರುವಿನ ಕೊರಳಿಗೆ ಹಾಕಿದ್ದರು. ಅದು ಅರ್ಧ ತಿಂದು ಮುಗಿಸಿತ್ತು.

ನಾನು ಅಜ್ಜಿಯನ್ನು ಕೈಹಿಡಿದು ಇಳಿಸಿದೆ. ಜನ ಪಕ್ಕಕ್ಕೆ ಸರಿದರು. ದೊಡ್ಡಜ್ಜಿ ಮೊರ ಕೆಳಗಿಟ್ಟು ಎದ್ದು ನಿಂತರು. ಇಬ್ಬರೂ ಒಂದು ಮಾರು ದೂರದಲ್ಲಿ ನಿಂತು ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು. ದಿನಾ ಸಂಜೆ ನೋಡಿಕೊಳ್ಳುವವರು ಹಾಗೆ ಯಾಕೆ ನಿಂತರು ಅಂತ ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

“ಅಕ್ಕಾ, ಇಷ್ಟೇ ಇಷ್ಟಾಗಿದೀಯಲ್ಲೇ!” ಅಂದರು ಅಜ್ಜಿ.

ಹೌದು. ಫೋನಿನ ತುಂಬಾ ಮುಖವೇ ಕಾಣುತ್ತಿದ್ದ ದೊಡ್ಡಜ್ಜಿ, ಎದುರಿಗೆ ನಿಂತಾಗ ಬೆನ್ನು ಬಾಗಿ ಮಗುವಿನಷ್ಟು ಎತ್ತರವಾಗಿದ್ದರು.

“ನೀನೇನ್ ಕಮ್ಮಿನಾ? ಒಂದ್ಕಡೆಗೆ ವಾಲ್ಕಂಡ್ ನಡೀತಿದೀಯ. ಫೋನಲ್ಲಿ ಒಂದಿನಾನೂ ಹೇಳ್ಲಿಲ್ಲ” ಅಂದರು ದೊಡ್ಡಜ್ಜಿ.

ಅಜ್ಜಿ ಮುಂದೆ ಹೋಗಿ ಅಕ್ಕನ ಮಣಿಕಟ್ಟು ಹಿಡಿದರು. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಸುಮ್ಮನೆ ಹಿಡಿದುಕೊಂಡು, ಹೆಬ್ಬೆರಳಿನಿಂದ ಅವರ ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಾ ನಿಂತರು. ಸಂತೆಯಲ್ಲಿ ಕೈತಪ್ಪಿ ಮತ್ತೆ ಸಿಕ್ಕ ಮಗುವಿನ ಕೈ ಹಿಡಿಯುತ್ತಾರಲ್ಲ, ಹಾಗೆ. ಅಲ್ಲಿದ್ದ ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು. ಅಳಲೆಂದೇ ಬಂದವರು, ಅಳು ಅವರ ಹತ್ತಿರ ಸಿದ್ಧವಾಗಿಯೇ ಇತ್ತು.

ಆಮೇಲೆ ಇಬ್ಬರೂ ಜಗಲಿಯ ಮೇಲೆ ಪಕ್ಕಪಕ್ಕ ಕೂತರು. ಮಂಡಿಗೆ ಮಂಡಿ ತಾಗಿತ್ತು. ಆದರೂ “ಕೇಳಿಸ್ತಾ?” “ಹ್ಞಾಂ, ಹೇಳು” ಅಂತ ಫೋನಿನ ಅಭ್ಯಾಸದಲ್ಲಿ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಜ್ಜಿ ಒಳಗೆ ಒಲೆ ನೋಡಲು ಏಳುತ್ತಾ, “ಸರಿ ಹಂಗಾದ್ರೆ, ಇಡ್ಲಾ?” ಅಂದರು. ಅಜ್ಜಿ “ಹ್ಞೂಂ, ಇಡು” ಅಂದರು. ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು, ಇಡೀ ಜಗಲಿ ನಗುವಲ್ಲಿ ಮುಳುಗಿಹೋಯಿತು.

ಆ ಸಂಜೆ ಅಷ್ಟು ಜನಕ್ಕೂ ಅವರೆಕಾಳು ಸಾರು, ಮುದ್ದೆ. ಸಾವಿಗೆ ಬಂದು ಹಬ್ಬದ ಊಟ ಮಾಡಿದ್ದು ಅಲ್ಲಿದ್ದ ಯಾರ ಅನುಭವದಲ್ಲೂ ಇರಲಿಲ್ಲ. ಬೈಕಿನಲ್ಲಿ ಬಂದ ಶಿವನಿಯ ಮಾವ, ಖಾಲಾ, ನಯಾಜ್ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತರು. ಓಂಕಾರ ಮಾವ ಮಾತ್ರ ತಲೆ ಎತ್ತುತ್ತಿರಲಿಲ್ಲ.

“ನನ್ ತಪ್ಪೇನಿದೆ ಅತ್ತೆ? ಆ ಫೋಟೋ ನೋಡಿದ್ರೆ ಯಾರಿಗಾದ್ರೂ ಹಂಗೇ ಅನ್ಸುತ್ತೆ” ಅಂದರು.

“ಅಂಥಾದ್ದು ಏನಿದೆ ಅದ್ರಲ್ಲಿ? ತೋರ್ಸೇ ವೀಣಾ” ಅಂದರು ದೊಡ್ಡಜ್ಜಿ.

ಇವರು ಬೇಜಾರು ಮಾಡಿಕೊಂಡರೆ ಆ ಚಿತ್ರವನ್ನು ಅಲ್ಲೇ ಅಳಿಸಿಬಿಡಬೇಕು ಅಂತ ತೀರ್ಮಾನಿಸಿಯೇ ಫೋನ್ ಕೊಟ್ಟೆ. ದೊಡ್ಡಜ್ಜಿ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ಓರೆಯಾಗಿ ಹಿಡಿದು ನೋಡಿದರು. ಅಜ್ಜಿಯೂ ಭುಜದ ಮೇಲಿಂದ ಬಗ್ಗಿದರು.

“ಇವಳು ನೀನು. ಹಲ್ಲಿಲ್ದೆ ನಗ್ತಿದೀಯ” ಅಂದರು ದೊಡ್ಡಜ್ಜಿ. ನೆಂಟರಲ್ಲಿ ಯಾರಿಗೂ ಕಾಣದಿದ್ದ ನಗು ಅವರಿಗೆ ತಕ್ಷಣ ಕಂಡಿತ್ತು. “ಇದು ಯಾರು, ಮೇಲೆ ಹಿಂಗೆ ನೂಲು ನೂಲಾಗಿ?”

“ನೀವೇ ದೊಡ್ಡಜ್ಜಿ.”

“ನಾನಲ್ಲ ಬಿಡು. ಇದು ಫೋನೊಳಗಿನ ರುದ್ರಮ್ಮ. ಬೇಕಾದ್ರೆ ಅವಳು ಸಾಯ್ಲಿ, ನಂಗೆ ಇನ್ನೂ ಕೆಲಸ ಐತೆ” ಅಂದರು. ಆಮೇಲೆ ಸ್ವಲ್ಪ ಹೊತ್ತು ನೋಡುತ್ತಾ ಇದ್ದು, “ಬಣ್ಣ ಚೆನ್ನಾಗೈತೆ ಕಣೇ. ಅಳಿಸ್ಬೇಡ. ಎಲ್ಲಿ ಹಾಕ್ತೀಯೋ ಅಲ್ಲಿಗೆ ನಮ್ಮಿಬ್ರನ್ನೂ ಕರ್ಕಂಡ್ ಹೋಗು” ಅಂದರು.

ಹಾಗಾಗಿ ಮುಂದಿನ ವಾರ ಕಡೂರಿನ ಆ ಹಾಲಿಗೆ ಇಬ್ಬರು ಅಜ್ಜಿಯರೂ ಬಂದರು. ಅಜ್ಜಿ ಅಷ್ಟು ದಿನವೂ ಪಂಚನಹಳ್ಳಿಯಲ್ಲೇ ಉಳಿದಿದ್ದರು, ಶಿವನಿಗೆ ಬಾ ಅಂದರೂ ಬಂದಿರಲಿಲ್ಲ. ಕಾಲೇಜಿನ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಚಿತ್ರದ ಅರ್ಥ ಕೇಳುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುವ ಮೊದಲೇ ದೊಡ್ಡಜ್ಜಿ, “ಇದು ನಾನೇ ಕಣ್ರಪ್ಪ. ಅರ್ಧ ದಿನ ಸತ್ತಿದ್ದೆ” ಅಂತ ಹೇಳಿ ಎಲ್ಲರನ್ನೂ ತಮ್ಮ ಸುತ್ತ ಸೇರಿಸಿಕೊಂಡುಬಿಡುತ್ತಿದ್ದರು. ಉಳಿದ ಚಿತ್ರಗಳ ಮುಂದೆ ಯಾರೂ ಇರಲಿಲ್ಲ. ನನಗೆ ಸ್ವಲ್ಪವೂ ಬೇಜಾರಾಗಲಿಲ್ಲ.

ಈ ಕತೆಯನ್ನು ನಾನು ಈಗಲೂ ನಗುತ್ತಲೇ ಹೇಳುತ್ತೇನೆ, ಕೇಳಿದವರೂ ನಗುತ್ತಾರೆ. ಆದರೆ ಲಿಂಗದಹಳ್ಳಿಯಿಂದ ಬೀರೂರಿನವರೆಗಿನ ಆ ದಾರಿ ನೆನಪಾದರೆ ಆ ನಗು ನಿಂತುಬಿಡುತ್ತದೆ. ಅಕ್ಕನ ಬಳೆ ಸರಿಸುತ್ತಾ ನಿಂತಿದ್ದ ಅಜ್ಜಿಯ ಹೆಬ್ಬೆರಳೂ ನೆನಪಾಗುತ್ತದೆ. ನಾನು ವರ್ಷಗಟ್ಟಲೆ ಚಿತ್ರ ಕೆಡಿಸಿ ಹೇಳಲು ಹೊರಟಿದ್ದನ್ನು ಆ ಬೆರಳು ಎಷ್ಟು ಸುಲಭವಾಗಿ ಹೇಳಿತಲ್ಲ ಅನ್ನಿಸುತ್ತದೆ.

ಬೀರೂರಿನಲ್ಲಿ ನನ್ನ ಕಾಲೇಜಿನ ಗೆಳತಿ ಒಬ್ಬಳಿದ್ದಾಳೆ, ಮಂಜುಳಾ. ದಿನಾ ಅವಳ ಫೋಟೋಗಳಿಗೆ ನಾನು ಹೃದಯ ಒತ್ತುತ್ತೇನೆ, ನನ್ನವಕ್ಕೆ ಅವಳು. ಅವಳ ಮಗ ಶಾಲೆಗೆ ಸೇರಿದ್ದು, ಮನೆಗೆ ಬಣ್ಣ ಹೊಡೆಸಿದ್ದು ಎಲ್ಲ ನನಗೆ ಗೊತ್ತು, ಆದರೆ ಅವಳನ್ನು ಎದುರಿಗೆ ಕಂಡು ವರ್ಷಗಳೇ ಆಗಿದ್ದವು. ಪ್ರದರ್ಶನ ಮುಗಿದ ಮುಂದಿನ ಭಾನುವಾರ ಬಸ್ ಹತ್ತಿ ಬೀರೂರಿನಲ್ಲಿ ಇಳಿದು, ಕೇಳಿಕೊಂಡು ಹೋಗಿ ಅವಳ ಮನೆ ಬಾಗಿಲು ತಟ್ಟಿದೆ. ಬಾಗಿಲು ತೆಗೆದವಳು ಹಿಟ್ಟಿನ ಕೈಯಲ್ಲೇ ನಿಂತು ಗಾಬರಿಯಾಗಿ ಕೇಳಿದಳು.

“ಏನಾಯ್ತೇ ವೀಣಾ? ಯಾರಿಗಾದ್ರೂ ಏನಾದ್ರೂ ಆಯ್ತಾ?”

“ಏನೂ ಆಗಿಲ್ಲ ಕಣೇ, ಸುಮ್ನೆ ಬಂದೆ” ಅಂದೆ.